ಕಕ್ಕಡದ ಮಳೆಯಲ್ಲಿ ಮ್ಯೂಆನ್ ಎಣಿಕೆ

ಕಣ ಎಣಿಸುವ ಮೊದಲ ಫಲಕಕ್ಕೆ ವೋಲ್ಟೇಜ್ ಕೊಟ್ಟ ಕೂಡಲೇ ಕೌಂಟರ್ ಸೆಕೆಂಡಿಗೆ ಐದು ಸಾವಿರ ತೋರಿಸಿತು. ಇರಬೇಕಾದದ್ದು ಐವತ್ತರ ಆಸುಪಾಸು. ದೀಪ ಆರಿಸಿದೆವು, ಮುನ್ನೂರಕ್ಕೆ ಇಳಿಯಿತು. ಕಿಟಕಿಗೆ ಕಂಬಳಿ ಕಟ್ಟಿದೆವು, ಎಪ್ಪತ್ತಕ್ಕೆ ಬಂತು. ಸುತ್ತಿದ ಕಪ್ಪು ಹೊದಿಕೆಯಲ್ಲಿ ಎಲ್ಲೋ ಬೆಳಕು ಸೋರುತ್ತಿದೆ ಎಂಬುದು ಅಲ್ಲಿಗೆ ಖಚಿತವಾಯಿತು.

ಇದು ಮಡಿಕೇರಿಯಲ್ಲಿ, ಜುಲೈ ಕೊನೆಯಲ್ಲಿ, ಕೊಡವರು ಕಕ್ಕಡ ಎನ್ನುವ ಮಳೆಯ ತಿಂಗಳಲ್ಲಿ, ಹಂಚಿನ ಮನೆಯೊಂದರ ಹಿಂಬದಿ ಕೋಣೆಯಲ್ಲಿ ನಡೆದ ಕೆಲಸ. ಕೂತವರು ಎಂ.ಎಸ್‌ಸಿ. ಓದುವ ಮೂವರು ಮತ್ತು ನ್ಯೂಟ್ರಿನೋ ಎಂಬ, ಯಾವುದಕ್ಕೂ ಸುಲಭಕ್ಕೆ ತಾಗದ ಕಣದ ಪ್ರಯೋಗದಲ್ಲಿ ಪೋಸ್ಟ್‌ಡಾಕ್ (ಪಿಎಚ್.ಡಿ. ಮುಗಿಸಿ ಕರಾರಿನ ಮೇಲೆ ಸಂಶೋಧನೆ ಮಾಡುವವಳು) ಆಗಿರುವ ನಾನು. ಪೋಸ್ಟ್‌ಡಾಕ್ ಎಂದರೆ ದಿನಾ ಏನು ಕೆಲಸ ಎಂದು ಅವರು ಕೇಳಿದ್ದಕ್ಕೆ ಬಾಯಲ್ಲಿ ಹೇಳುವ ಬದಲು ಸಣ್ಣದೊಂದು ಡಿಟೆಕ್ಟರ್ ಕಟ್ಟಿ ತೋರಿಸುವುದೇ ಸರಿ ಎನಿಸಿತು. ಒಂದರ ಮೇಲೊಂದು ಮೂರು ಫಲಕ, ಮೂರನ್ನೂ ದಾಟಿ ಹೋದ ಕಣವನ್ನು ಮಾತ್ರ ಎಣಿಸುವುದು. ನಾವು ಎಣಿಸಿದ್ದು ನ್ಯೂಟ್ರಿನೋ ಅಲ್ಲ, ಕಾಸ್ಮಿಕ್ ಕಿರಣಗಳು ವಾತಾವರಣಕ್ಕೆ ಬಡಿದಾಗ ಹುಟ್ಟುವ ಮ್ಯೂಆನ್. ಆದರೆ ನ್ಯೂಟ್ರಿನೋ ಪ್ರಯೋಗದವರ ಹಗಲಿನ ಬಹುಪಾಲು ಹೋಗುವುದೂ ಇಂಥದ್ದಕ್ಕೇ. ನಮ್ಮ ಕಸುಬು ಎಂದರೆ ನ್ಯೂಟ್ರಿನೋ ಅಲ್ಲದ್ದನ್ನು ಒಂದೊಂದಾಗಿ ಹೆಸರು ಹಿಡಿದು ಗುರುತಿಸುವುದು. ಉಳಿದದ್ದು ಏನು ಎಂದು ಹೇಳುವ ಹಕ್ಕು ಆಮೇಲೆ ಬರುತ್ತದೆ.

ಯಾಕೆಂದರೆ ಲೆಕ್ಕವೇ ಹಾಗಿದೆ. ಸೂರ್ಯನೊಂದರಿಂದಲೇ ಪ್ರತಿ ಚದರ ಸೆಂಟಿಮೀಟರಿಗೆ ಸೆಕೆಂಡಿಗೆ ಸುಮಾರು 6,500 ಕೋಟಿ ನ್ಯೂಟ್ರಿನೋ ಬಂದು ಹೋಗುತ್ತವೆ, ಬಹುತೇಕ ಯಾವುದಕ್ಕೂ ತಾಗದೆ. ಮ್ಯೂಆನ್ ಅಂಗೈ ಚಾಚಿದರೆ ಸೆಕೆಂಡಿಗೊಂದರಂತೆ ದಾಟುತ್ತದೆ, ದಾರಿಯುದ್ದಕ್ಕೂ ಗುರುತು ಬಿಟ್ಟೇ ಹೋಗುತ್ತದೆ. ಅಮೆರಿಕದ ನೋವಾ ಪ್ರಯೋಗದ ದೂರದ ಡಿಟೆಕ್ಟರ್ 14,000 ಟನ್ನಿನದು. ಅದು ನೆಲದ ಮೇಲೇ ಇರುವುದರಿಂದ ಸೆಕೆಂಡಿಗೆ ಒಂದು ಲಕ್ಷಕ್ಕೂ ಹೆಚ್ಚು ಮ್ಯೂಆನ್‌ಗಳು ಅದರೊಳಗೆ ಹಾಯುತ್ತವೆ. 810 ಕಿ.ಮೀ. ದೂರದಿಂದ ಬರುವ ನ್ಯೂಟ್ರಿನೋ ಕಿರಣ ಒಂದು ಸಲಕ್ಕೆ ಇರುವುದು 10 ಮೈಕ್ರೋಸೆಕೆಂಡ್ ಮಾತ್ರ. ಆ ಹತ್ತು ಮೈಕ್ರೋಸೆಕೆಂಡಿನಲ್ಲೂ ಸರಾಸರಿ ಒಂದಾದರೂ ಮ್ಯೂಆನ್ ಇದ್ದೇ ಇರುತ್ತದೆ. ಬೇಕಾದ ನ್ಯೂಟ್ರಿನೋ ದಿನಗಟ್ಟಲೆ ಕಾದರೆ ಒಂದು.

ಈಗ ಫಲಕದ ವಿಷಯಕ್ಕೆ ಬರೋಣ. 20 ಸೆಂ.ಮೀ. ಚೌಕದ, 1 ಸೆಂ.ಮೀ. ದಪ್ಪದ ಪ್ಲಾಸ್ಟಿಕ್ ಸಿಂಟಿಲೇಟರ್, ಎಂದರೆ ಕಣ ದಾಟಿದಾಗ ಮಿನುಗುವ ಪ್ಲಾಸ್ಟಿಕ್. ನೋಡಲು ಅಕ್ರಿಲಿಕ್ ಹಲಗೆಯಂತೆ, ಅಂಚಿನಲ್ಲಿ ಸಣ್ಣ ನೀಲಿ ಹೊಳಪು. ಮ್ಯೂಆನ್ ಒಂದು ಸೆಂಟಿಮೀಟರ್ ದಾಟಿದರೆ ಸುಮಾರು 2 ಎಂಇವಿ (ಕಣಗಳ ಶಕ್ತಿ ಅಳೆಯುವ ಮಾನ) ಶಕ್ತಿ ಬಿಡುತ್ತದೆ, ಅದರಿಂದ ಇಪ್ಪತ್ತು ಸಾವಿರದಷ್ಟು ಫೋಟಾನ್, ಎಂದರೆ ಬೆಳಕಿನ ಕಣ, ಹುಟ್ಟುತ್ತವೆ. ಫಲಕದಲ್ಲಿ ಕೊರೆದ ತೋಡಿನಲ್ಲಿ ಕೂರಿಸಿದ ಫೈಬರ್ ಆ ನೀಲಿ ಬೆಳಕನ್ನು ಹೀರಿ ಹಸಿರಾಗಿಸಿ ತುದಿಗೆ ತರುತ್ತದೆ. ತುದಿಯಲ್ಲಿ 3 ಮಿ.ಮೀ. ಚೌಕದ ಸಿಲಿಕಾನ್ ಫೋಟೋಮಲ್ಟಿಪ್ಲೈಯರ್ ಚಿಪ್, ಬೆಳಕನ್ನು ವಿದ್ಯುತ್ ಮಿಡಿತವಾಗಿಸುವುದು. ಇಪ್ಪತ್ತು ಸಾವಿರದಲ್ಲಿ ಚಿಪ್ಪಿಗೆ ದಕ್ಕುವುದು ಇಪ್ಪತ್ತರ ಆಸುಪಾಸು ಫೋಟಾನ್. ಆದ್ದರಿಂದ ಫೈಬರ್ ತುದಿಯನ್ನು ಸಣ್ಣ ಮರಳುಕಾಗದದಲ್ಲಿ 600, 1000, 2000 ಎಂದು ಹಂತಹಂತವಾಗಿ ಉಜ್ಜಿ ಕನ್ನಡಿಯಂತೆ ಮಾಡಬೇಕು. ಚಿಪ್ಪಿಗೂ ಫೈಬರಿಗೂ ನಡುವೆ ಆಪ್ಟಿಕಲ್ ಗ್ರೀಸಿನ ಒಂದು ಚುಕ್ಕೆ ಬೇಕು, ಗಾಳಿಗುಳ್ಳೆ ಉಳಿಯಕೂಡದು. ಸಿಂಟಿಲೇಟರನ್ನು ಬರಿಗೈಯಲ್ಲಿ ಮುಟ್ಟಬಾರದು. ಬೆರಳಿನ ಎಣ್ಣೆ ಕೂತಲ್ಲಿ ಮೇಲ್ಮೈ ಕಾಲಕ್ರಮದಲ್ಲಿ ಸಣ್ಣ ಬಿರುಕು ಬಿಟ್ಟು ಮಸುಕಾಗುತ್ತದೆ. ಅಸಿಟೋನ್ ತಾಗಿದರಂತೂ ಅಲ್ಲಿಗೇ ಮುಗಿಯಿತು. ತೆಳುವಾದ ಸೋಪಿನ ನೀರು, ಮೆತ್ತನೆ ಬಟ್ಟೆ, ಅಷ್ಟೇ.

ಒಳಗಿನ ಸುತ್ತು ಬಿಳಿ ಟೈವೆಕ್ (ಕಾಗದದಂಥ ಪ್ಲಾಸ್ಟಿಕ್ ಹಾಳೆ), ಬೆಳಕನ್ನು ಒಳಕ್ಕೇ ತಿರುಗಿಸಲು. ಹೊರಗಿನ ಸುತ್ತು ಕಪ್ಪು, ಹೊರಗಿನ ಬೆಳಕು ಬರದಂತೆ ತಡೆಯಲು. ಮೊದಲ ಫಲಕಕ್ಕೆ ನಾವು ಬಳಸಿದ್ದು ಕಾಫಿ ನರ್ಸರಿಯಲ್ಲಿ ಗಿಡ ಹಾಕುವ ಕಪ್ಪು ಪ್ಲಾಸ್ಟಿಕ್ ತೊಟ್ಟೆಯನ್ನು. ಎರಡು ಪದರ ಸುತ್ತಿದ್ದೆವು, ಕಣ್ಣಿಗೆ ಕಗ್ಗತ್ತಲೆ. ಅದೇ ಹಾಳೆಯನ್ನು ಬಿಚ್ಚಿ ಮೊಬೈಲ್ ಟಾರ್ಚಿನ ಮುಂದೆ ಹಿಡಿದಾಗ ಅಮಾವಾಸ್ಯೆಯ ಆಕಾಶದಂತೆ ಚುಕ್ಕೆ ಚುಕ್ಕೆ ಕಂಡಿತು. ತೆಳು ಹಾಳೆಯಲ್ಲಿ ಸೂಜಿಮೊನೆಗಿಂತ ಸಣ್ಣ ತೂತುಗಳು ಇದ್ದೇ ಇರುತ್ತವೆ. ಗಿಡಕ್ಕೆ ಅದರಿಂದ ಏನೂ ತೊಂದರೆ ಇಲ್ಲ. ಬೆಳಕಿನ ಕಣವನ್ನು ಒಂದೊಂದಾಗಿ ಎಣಿಸುವ ಚಿಪ್ಪಿಗೆ ಅದು ತೆರೆದ ಬಾಗಿಲು. ಆಮೇಲೆ ಕೃಷಿ ಹೊಂಡಕ್ಕೆ ಹಾಸುವ 500 ಮೈಕ್ರಾನಿನ ಕರಿ ಶೀಟ್ ತಂದೆವು. ಅದು ಮಡಚಲು ಗಟ್ಟಿ, ಮೂಲೆಗಳನ್ನು ಕತ್ತರಿಸಿ ಡಬ್ಬಿಯಂತೆ ಕೂಡಿಸಬೇಕು, ಆದರೆ ತೂತಿಲ್ಲ. ಅಂಚುಗಳಿಗೆ ಕರಿ ವಿನೈಲ್ ಟೇಪು ಎರಡು ಸುತ್ತು, ಎರಡನೆಯದು ಮೊದಲನೆಯದರ ಅಂಚನ್ನು ಮುಚ್ಚುವಂತೆ ಅರ್ಧ ಸರಿಸಿ.

ಸೋರಿಕೆ ಹುಡುಕುವ ಕ್ರಮ ಎಲ್ಲಾ ಪ್ರಯೋಗಾಲಯಗಳಲ್ಲೂ ಒಂದೇ. ರಾತ್ರಿ ದೀಪವೆಲ್ಲ ಆರಿಸಿ ಕತ್ತಲಲ್ಲಿ ಎಣಿಕೆ ಎಷ್ಟು ಎಂದು ಬರೆದಿಟ್ಟುಕೊಳ್ಳಬೇಕು. ಒಬ್ಬರು ಟಾರ್ಚನ್ನು ಅಂಚಿನಗುಂಟ ನಿಧಾನವಾಗಿ, ಒಂದು ಗೇಣಿಗೆ ಹತ್ತು ಸೆಕೆಂಡಿನಂತೆ, ಸರಿಸುತ್ತಾ ಹೋಗಬೇಕು. ಇನ್ನೊಬ್ಬರು ಎಣಿಕೆ ನೋಡುತ್ತಾ ಜಿಗಿದ ಕಡೆ ಹೇಳಬೇಕು, ಅಲ್ಲಿ ಸೀಮೆಸುಣ್ಣದ ಗುರುತು. ಹತ್ತರಲ್ಲಿ ಎಂಟು ಸಲ ಸೋರುವುದು ಮೂಲೆಯಲ್ಲಿ ಮತ್ತು ಕೇಬಲ್ ಹೊರಬರುವ ತೂತಿನಲ್ಲಿ. ಕೇಬಲ್ಲಿನ ಹೊರಪದರ ಬಿಳಿ ಅಥವಾ ಬೂದು ಬಣ್ಣದ್ದಾದರೆ ಬೆಳಕು ಆ ಪದರದೊಳಗೇ ಹರಿದು ಬರುತ್ತದೆ, ತೂತಿಗೆ ಎಷ್ಟು ಟೇಪು ಹಚ್ಚಿದರೂ ಪ್ರಯೋಜನವಿಲ್ಲ. ಕರಿ ಕೇಬಲನ್ನೇ ಹಾಕಬೇಕು. ಇನ್ನೊಂದು: ಟ್ಯೂಬ್‌ಲೈಟ್ ಕೆಳಗೆ ಬಿಚ್ಚಿಟ್ಟ ಸಿಂಟಿಲೇಟರ್ ಮುಚ್ಚಿದ ಮೇಲೂ ಕೆಲವು ಗಂಟೆ ತಾನಾಗಿ ಮಿನುಗುತ್ತಿರುತ್ತದೆ. ಸಂಜೆ ಸುತ್ತಿದ್ದನ್ನು ಬೆಳಿಗ್ಗೆ ಅಳೆಯುವುದು ಒಳ್ಳೆಯದು.

ಬೆಳಕು ನಿಂತ ಮೇಲೆ ಥ್ರೆಶೋಲ್ಡ್, ಎಂದರೆ ಎಷ್ಟು ದೊಡ್ಡ ಮಿಡಿತದಿಂದ ಎಣಿಸಬೇಕು ಎಂಬ ಮಿತಿ. ಈ ಚಿಪ್ ಕತ್ತಲಲ್ಲೂ ಸುಮ್ಮನಿರುವುದಿಲ್ಲ. ಶಾಖದಿಂದಲೇ ಚದರ ಮಿಲಿಮೀಟರಿಗೆ ಸೆಕೆಂಡಿಗೆ ಸುಮಾರು 30 ಸಾವಿರ ಸಲ, ಒಂದು ಫೋಟಾನ್ ಬಂತು ಎಂದು ಸುಳ್ಳು ಹೇಳುತ್ತದೆ. ಒಂಬತ್ತು ಚದರ ಮಿಲಿಮೀಟರಿಗೆ ಅದು 2.7 ಲಕ್ಷ. ಆದರೆ ಒಂದೇ ಕ್ಷಣದಲ್ಲಿ ಎರಡು ಸುಳ್ಳು ಅಪರೂಪ, ಮೂರು ಇನ್ನೂ ಅಪರೂಪ. ಥ್ರೆಶೋಲ್ಡನ್ನು ಅರ್ಧ ಫೋಟಾನಿನಿಂದ ಮೇಲಕ್ಕೆ ಏರಿಸುತ್ತಾ ಎಣಿಕೆಯನ್ನು ಗ್ರಾಫಿಗೆ ಹಾಕಿದರೆ ಮೆಟ್ಟಿಲು ಕಾಣುತ್ತದೆ, ಪ್ರತಿ ಮೆಟ್ಟಿಲಿಗೆ ಹತ್ತು ಪಟ್ಟಿನ ಆಸುಪಾಸು ಇಳಿತ. ಮ್ಯೂಆನ್ ಕೊಡುವುದು ಇಪ್ಪತ್ತು, ಸುಳ್ಳು ಐದರೊಳಗೇ ಮುಗಿಯುತ್ತದೆ. ಐದೂವರೆಗೆ ನಿಲ್ಲಿಸಿದೆವು. ಆ ಮೆಟ್ಟಿಲು ಕಾಣದಿದ್ದರೆ ಮುಂದೆ ಹೋಗಬಾರದು. ಆಂಪ್ಲಿಫೈಯರಿನ ಸದ್ದು (ಬೇಡದ ಸುಳ್ಳು ಮಿಡಿತ) ಹೆಚ್ಚಾಗಿದೆ, ಇಲ್ಲವೇ ಬಯಾಸ್ (ಚಿಪ್ ಕೆಲಸ ಮಾಡಲು ಬೇಕಾದ ವೋಲ್ಟೇಜ್) ಕೊಡುವ ಪವರ್ ಸಪ್ಲೈ ಅಗ್ಗದ ಸ್ವಿಚಿಂಗ್ ಜಾತಿಯದು ಎಂದರ್ಥ.

ಆಮೇಲೂ ಉಳಿಯುವ ಐವತ್ತರಲ್ಲಿ ಮ್ಯೂಆನ್ ಏಳೋ ಎಂಟೋ. ಉಳಿದದ್ದು ಗೋಡೆಯ ಕಲ್ಲು, ನೆಲದ ಮಣ್ಣಿನಲ್ಲಿರುವ ಪೊಟಾಸಿಯಂ, ಥೋರಿಯಂಗಳ ಗಾಮಾ. ಒಂದೇ ಫಲಕದಿಂದ ಇವನ್ನು ಬೇರ್ಪಡಿಸಲು ಸಾಧ್ಯವಿಲ್ಲ. ಅದಕ್ಕೇ ಎರಡನೆಯ ಫಲಕ, ಮೂರನೆಯ ಫಲಕ. ಮೇಲಿನದಕ್ಕೂ ಕೆಳಗಿನದಕ್ಕೂ 20 ಸೆಂ.ಮೀ. ಅಂತರ ಬಿಟ್ಟು, ಎರಡೂ 100 ನ್ಯಾನೋಸೆಕೆಂಡಿನೊಳಗೆ ಒಟ್ಟಿಗೆ ಹೇಳಿದ್ದನ್ನು ಮಾತ್ರ ತೆಗೆದುಕೊಂಡರೆ ಸಮುದ್ರಮಟ್ಟದ ಲೆಕ್ಕದಲ್ಲಿ ನಿಮಿಷಕ್ಕೆ ಸುಮಾರು 80 ಬರಬೇಕು. ಮಡಿಕೇರಿ 1,100 ಮೀಟರಿಗೂ ಎತ್ತರ, ಇನ್ನೊಂದಿಷ್ಟು ಸೇರುತ್ತದೆ.

ಬೆಳಕಿನ ಸೋರಿಕೆಯ ಬಗ್ಗೆ ಇಷ್ಟು ಹಟ ಏಕೆ ಎಂಬುದು ಇಲ್ಲಿ ಗೊತ್ತಾಗುತ್ತದೆ. ಆಕಸ್ಮಿಕವಾಗಿ ಎರಡು ಫಲಕ ಒಟ್ಟಿಗೆ ಹೇಳುವ ದರ ಎಂದರೆ ಎರಡೂ ಎಣಿಕೆಗಳ ಗುಣಲಬ್ಧವನ್ನು ಆ 100 ನ್ಯಾನೋಸೆಕೆಂಡಿನ ಎರಡರಷ್ಟರಿಂದ ಗುಣಿಸಿದ್ದು. ಎರಡರಲ್ಲೂ ಐವತ್ತಿದ್ದರೆ ಗಂಟೆಗೆ ಎರಡೂ ದಾಟುವುದಿಲ್ಲ, ಮರೆತುಬಿಡಬಹುದು. ಎರಡರಲ್ಲೂ ಐದು ಸಾವಿರವಿದ್ದರೆ ಸೆಕೆಂಡಿಗೆ ಐದು, ನಿಮಿಷಕ್ಕೆ ಮುನ್ನೂರು ಸುಳ್ಳು. ಮ್ಯೂಆನ್ ಅದರಡಿ ಮುಳುಗಿಹೋಗುತ್ತದೆ. ಸದ್ದು ನೂರು ಪಟ್ಟು ಏರಿದರೆ ಸುಳ್ಳು ಹತ್ತು ಸಾವಿರ ಪಟ್ಟು ಏರುತ್ತದೆ.

ನಡುವಿನ ಫಲಕ ಇರುವುದು ದಕ್ಷತೆ ಅಳೆಯಲು. ಮೇಲಿನದೂ ಕೆಳಗಿನದೂ ಸೇರಿ 1,000 ಸಲ ಹೇಳಿದಾಗ ನಡುವಿನದು 960 ಸಲ ಹೌದೆಂದರೆ ಅದರ ದಕ್ಷತೆ ಶೇ. 96, ಏರುಪೇರು ಶೇ. 0.6. ಮೂರೂ ನೇರ ಕೆಳಗೆ ಬರುವಂತೆ ಮೇಸ್ತ್ರಿಗಳ ತೂಗುಗುಂಡು ಹಿಡಿದು ಸರಿಪಡಿಸಿದೆವು. ನಡುವಿನದು ಒಂದು ಸೆಂಟಿಮೀಟರ್ ಪಕ್ಕಕ್ಕೆ ಸರಿದರೂ ಅದು ಫಲಕದ ದೋಷದಂತೆ ಕಾಣುತ್ತದೆ. ಈ ತಪ್ಪನ್ನು ದೊಡ್ಡ ಪ್ರಯೋಗಗಳಲ್ಲೂ ನೋಡಿದ್ದೇನೆ. ವಾರಗಟ್ಟಲೆ ಎಲೆಕ್ಟ್ರಾನಿಕ್ಸ್ ಮೇಲೆ ಅನುಮಾನಪಟ್ಟು ಕೊನೆಗೆ ಅಳತೆಪಟ್ಟಿ ಹಿಡಿದಾಗ ಬಗೆಹರಿದದ್ದುಂಟು.

“ಅಕ್ಕ, ಇಷ್ಟು ಮಳೆ ಹೊಡೀತಾ ಇದೆ, ಮ್ಯೂಆನ್ ಕೆಳಗೆ ಬರುತ್ತಾ?” ಎಂದು ಒಬ್ಬ ಕೇಳಿದ. ಪ್ರಶ್ನೆ ಚೆನ್ನಾಗಿದೆ. ವಾತಾವರಣವೆಲ್ಲ ಸೇರಿ ಸುಮಾರು ಹತ್ತು ಮೀಟರ್ ನೀರಿನ ತೂಕ, ಮಡಿಕೇರಿಯ ಮೇಲೆ ಒಂಬತ್ತು ಮೀಟರಿನಷ್ಟು. ಒಂದು ಗಳಿಗೆಯಲ್ಲಿ ತಲೆಯ ಮೇಲಿನ ಗಾಳಿಯಲ್ಲಿರುವ ತೇವವನ್ನೆಲ್ಲ ಹಿಂಡಿದರೆ ಸಿಗುವುದು ಕೆಲವೇ ಸೆಂಟಿಮೀಟರ್ ನೀರು. ಒಂದು ಮೀಟರ್ ನೀರು ಮ್ಯೂಆನಿನಿಂದ ಕಸಿಯುವುದು 200 ಎಂಇವಿ, ನೆಲ ಮುಟ್ಟುವ ಮ್ಯೂಆನಿನ ಸರಾಸರಿ ಶಕ್ತಿ 4,000 ಎಂಇವಿ. ಹಂಚು, ಮಳೆ, ಮೋಡ ಯಾವುದೂ ಅದಕ್ಕೆ ಲೆಕ್ಕಕ್ಕಿಲ್ಲ.

ಆದರೆ ಮಳೆ ಶುರುವಾದಾಗ ಒಂಟಿ ಫಲಕದ ಎಣಿಕೆ ನಿಜಕ್ಕೂ ಏರಿತು! ಇದು ನಾನು ಕಾದಿದ್ದ ಘಳಿಗೆ. ಮೂವರೂ ತೇವ ಒಳಗೆ ಹೋಯಿತು ಎಂದರು. ಇರಬಹುದು. ಇನ್ನೊಂದು ಕಾರಣವೂ ಇದೆ: ನೆಲದಿಂದ ಸದಾ ಹೊರಬರುವ ರೇಡಾನ್ ಅನಿಲ ಗಾಳಿಯಲ್ಲಿ ಒಡೆದು ಸೀಸ-214, ಬಿಸ್ಮತ್-214 ಆಗುತ್ತದೆ, ಅವು ಧೂಳಿಗೆ ಅಂಟಿಕೊಂಡಿರುತ್ತವೆ. ಹೊಸದಾಗಿ ಸುರಿಯುವ ಮಳೆ ಅದನ್ನೆಲ್ಲ ತೊಳೆದು ಅಂಗಳಕ್ಕೆ ತರುತ್ತದೆ, ಅಂಗಳದಿಂದ ಗಾಮಾ ಹೆಚ್ಚುತ್ತದೆ. ಇವುಗಳ ಅರ್ಧಾಯು 27 ಮತ್ತು 20 ನಿಮಿಷ. ಎರಡು ಕಾರಣಗಳನ್ನು ಬೇರ್ಪಡಿಸುವುದು ಹೀಗೆ. ರೇಡಾನ್ ಆದರೆ ಮಳೆ ನಿಂತು ಒಂದೆರಡು ಗಂಟೆಯಲ್ಲಿ ಎಣಿಕೆ ತಾನಾಗಿ ಇಳಿಯಬೇಕು, ಮೂರೂ ಫಲಕಗಳಲ್ಲಿ ಸಮನಾಗಿ ಏರಿರಬೇಕು, ಬಯಾಸ್ ಕರೆಂಟ್ ಕದಲಬಾರದು, ಮೂರೂ ಸೇರಿದ ಎಣಿಕೆಯೂ ಕದಲಬಾರದು. ತೇವ ಆದರೆ ಒಂದೇ ಫಲಕ ಕೆಡುತ್ತದೆ, ಬಯಾಸ್ ಕರೆಂಟ್ ಏರುತ್ತದೆ, ಮಳೆ ನಿಂತರೂ ಇಳಿಯುವುದಿಲ್ಲ. ನಮ್ಮಲ್ಲಿ ಎರಡೂ ಇದ್ದವು. ಒಂದನೆಯ ಎರಡನೆಯ ಫಲಕಗಳು ಸಂಜೆಗೆ ಮೊದಲಿನಂತಾದವು. ಮೂರನೆಯದು ಆಗಲಿಲ್ಲ, ಅದರ ಬಯಾಸ್ ಕರೆಂಟ್ ಒಂದು ಮೈಕ್ರೋಆಂಪಿಯರಿನೊಳಗೆ ಇದ್ದದ್ದು ಐದಕ್ಕೆ ಏರಿತ್ತು.

ಐದು ಮೈಕ್ರೋಆಂಪಿಯರ್ ಏನು ಮಹಾ ಎನಿಸಬಹುದು. ಬಯಾಸ್ ದಾರಿಯಲ್ಲಿ ಒಂದು ಲಕ್ಷ ಓಮ್‌ನ ಫಿಲ್ಟರ್ ರೆಸಿಸ್ಟರ್ ಇದೆ, ಅದರಲ್ಲೇ ಅರ್ಧ ವೋಲ್ಟ್ ಬಿದ್ದುಹೋಗುತ್ತದೆ. ಚಿಪ್ಪು ಕೆಲಸ ಶುರುಮಾಡುವುದು ಸುಮಾರು 24.5 ವೋಲ್ಟಿಗೆ, ನಾವು ಕೊಟ್ಟದ್ದು 27.5. ಮೇಲಿನ ಮೂರು ವೋಲ್ಟೇ ಅದರ ಬಲ, ಅದರಲ್ಲಿ ಅರ್ಧ ವೋಲ್ಟ್ ಹೋದರೆ ಆರನೇ ಒಂದು ಭಾಗ ಹೋದಂತೆ. ಸದ್ದೂ ಹೆಚ್ಚು, ಮ್ಯೂಆನಿನ ಗುರುತೂ ಸಣ್ಣದು. ಆ ಫಲಕದ ಎಲೆಕ್ಟ್ರಾನಿಕ್ಸ್ ಇರುವ ಪೆಟ್ಟಿಗೆ ಬಿಚ್ಚಿದಾಗ ಬೋರ್ಡಿನ ಮೇಲೆ ಬೆಸುಗೆಯ ಫ್ಲಕ್ಸ್ ಒರೆಸದೆ ಬಿಟ್ಟದ್ದು ಕಂಡಿತು, ಹಳದಿ ಅಂಟು, ಬೆರಳಿಗೆ ಜಿಗುಟು. ಒಣಹವೆಯ ಊರಿನಲ್ಲಿ ಅದು ವರ್ಷಗಟ್ಟಲೆ ಸುಮ್ಮನಿರುತ್ತದೆ. ಕಕ್ಕಡದ ಗಾಳಿ ಒಂದೇ ರಾತ್ರಿಯಲ್ಲಿ ಅದನ್ನು ತಂತಿಯನ್ನಾಗಿ ಮಾಡಿತು. ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಒಣಗಿಸಿ, ಅಕ್ರಿಲಿಕ್ ಲೇಪ ಎರಡು ಸಲ ಹೊಡೆದೆವು.

ಕೊಡಗಿನ ಮನೆಗಳಲ್ಲಿ ಮಳೆಗಾಲಕ್ಕೆ ಬಟ್ಟೆಗೆ ಬೂಷ್ಟು ಹಿಡಿಯದಿರಲೆಂದು ಬೀರುವಿನೊಳಗೆ ಬಲ್ಬ್ ಉರಿಸಿಡುವುದುಂಟು. ಅದೇ ಉಪಾಯ ಇಲ್ಲಿಯೂ ನಡೆಯುತ್ತದೆ, ಬೆಳಕಿಲ್ಲದ ಬಲ್ಬ್ ಬೇಕು ಅಷ್ಟೇ. 12 ವೋಲ್ಟಿಗೆ 33 ಓಮ್‌ನ, 10 ವಾಟ್ ತಾಳುವ ರೆಸಿಸ್ಟರ್ ಪೆಟ್ಟಿಗೆಯ ತಳದಲ್ಲಿಟ್ಟರೆ ನಾಲ್ಕೂ ಚಿಲ್ಲರೆ ವಾಟ್ ಶಾಖ. ಹೊರಗೆ 20 ಡಿಗ್ರಿ, ತೇವಾಂಶ ಶೇ. 95 ಇದ್ದಾಗ ಒಳಗೆ 25 ಡಿಗ್ರಿ ಮಾಡಿದರೆ ತೇವಾಂಶ ಶೇ. 70ಕ್ಕೆ ಇಳಿಯುತ್ತದೆ. ಜೊತೆಗೆ 50 ಗ್ರಾಂ ಸಿಲಿಕಾ ಜೆಲ್, ಬಣ್ಣ ಬದಲಿಸಿದಾಗ ಓವನ್ನಿನಲ್ಲಿ 120 ಡಿಗ್ರಿಗೆ ಎರಡು ಗಂಟೆ. ಶಾಖಕ್ಕೂ ಬೆಲೆ ಇದೆ: ಡಿಗ್ರಿಗೆ 21.5 ಮಿಲಿವೋಲ್ಟಿನಂತೆ ಚಿಪ್ಪು ಕೆಲಸ ಶುರುಮಾಡುವ ವೋಲ್ಟೇಜ್ ಮೇಲೇರುತ್ತದೆ, ಐದು ಡಿಗ್ರಿಗೆ ಸುಮಾರು 0.11 ವೋಲ್ಟ್ ಹೆಚ್ಚು ಕೊಡಬೇಕು. ಪೆಟ್ಟಿಗೆಯೊಳಗೆ ಥರ್ಮಾಮೀಟರ್ ಇಲ್ಲದೆ ಈ ಕೆಲಸ ಮಾಡಲೇಬಾರದು.

ನೋವಾದ ಚಿಪ್ಪುಗಳಿಗೆ ಸಮಸ್ಯೆ ಇದರ ತಿರುವುಮುರುವು. ಅಲ್ಲಿ ಬೆಳಕು ಓದುವ ಡಯೋಡುಗಳನ್ನು ಸದ್ದು ಕಡಿಮೆಯಾಗಲೆಂದು ಮೈನಸ್ 15 ಡಿಗ್ರಿಗೆ ತಂಪುಮಾಡುತ್ತಾರೆ. ತಂಪಾದ ಮೇಲ್ಮೈಗೆ ತೇವದ ಗಾಳಿ ತಾಗಿದರೆ ಇಬ್ಬನಿ ಕೂರುತ್ತದೆ, ಆದ್ದರಿಂದ ಒಣ ಗಾಳಿಯನ್ನು ಸದಾ ಹಾಯಿಸುತ್ತಿರಬೇಕು. 3,44,064 ಚಾನೆಲ್‌ಗಳು ಅಲ್ಲಿವೆ. ಮಡಿಕೇರಿಯಲ್ಲಿ ಮೂರಕ್ಕೆ ಮಾಡಿದ್ದನ್ನೇ, ಅದೇ ಕ್ರಮದಲ್ಲಿ, ಅಷ್ಟಕ್ಕೂ ಮಾಡಬೇಕು: ಯಾವುದು ಸತ್ತಿದೆ, ಯಾವುದು ವಿಪರೀತ ಸದ್ದು ಮಾಡುತ್ತಿದೆ. ಶಿಫ್ಟ್ ಎಂದರೆ ಬಹುತೇಕ ಇದೇ. ಶಿಕಾಗೋ ಬಳಿಯ ಲ್ಯಾಬಿನ ಮಧ್ಯರಾತ್ರಿಯಿಂದ ಬೆಳಿಗ್ಗೆ ಎಂಟರ ಪಾಳಿ ಬೇಸಿಗೆಯಲ್ಲಿ ನಮಗೆ ಬೆಳಿಗ್ಗೆ 10.30ರಿಂದ ಸಂಜೆ 6.30. ಅವರ ನಿದ್ದೆಗೆಡುವ ಪಾಳಿ ನಮಗೆ ಆಫೀಸು ಹೊತ್ತು.

ಮ್ಯೂಆನ್ ಅಲ್ಲಿ ಕಾಟವೂ ಹೌದು, ಅಳತೆಗೋಲೂ ಹೌದು. ಡಿಟೆಕ್ಟರಿನೊಳಗೇ ನಿಂತುಹೋಗುವ ಮ್ಯೂಆನ್ ನಿಲ್ಲುವ ಜಾಗಕ್ಕಿಂತ ಒಂದರಿಂದ ಎರಡು ಮೀಟರ್ ಹಿಂದೆ ಸೆಂಟಿಮೀಟರಿಗೆ ಬಿಡುವ ಶಕ್ತಿ ಹೆಚ್ಚುಕಡಿಮೆ ಬದಲಾಗುವುದಿಲ್ಲ. ಆ ಒಂದು ಮೀಟರಿನ ತುಂಡನ್ನೇ ಹಿಡಿದು ಇಡೀ ಡಿಟೆಕ್ಟರಿಗೆ ಶಕ್ತಿಯ ಅಳತೆ ಕಟ್ಟುತ್ತಾರೆ. 15 ಮೀಟರ್ ಉದ್ದದ ಕೊಳವೆಯ ಆ ತುದಿಯ ಬೆಳಕು ಈ ತುದಿಗೆ ಬರುವಷ್ಟರಲ್ಲಿ ಎಷ್ಟು ಕುಂದಿತು ಎಂಬುದಕ್ಕೂ ಮ್ಯೂಆನೇ ಸಾಕ್ಷಿ. ಒಬ್ಬ ಪೋಸ್ಟ್‌ಡಾಕಿನ ಎರಡು ವರ್ಷದ ಕರಾರಿನಲ್ಲಿ ಒಂದು ವರ್ಷ ಈ ಕ್ಯಾಲಿಬ್ರೇಷನ್ನಿಗೇ ಹೋಗಬಹುದು, ಪ್ರಬಂಧದಲ್ಲಿ ಅದು ಒಂದು ಪ್ಯಾರಾ. ಉದ್ಯೋಗ ಕೊಡುವವರು ಆ ಪ್ಯಾರಾವನ್ನು ಓದುವುದನ್ನು ಕಲಿಯಬೇಕು ಎಂದು ನನಗೆ ಬಲವಾಗಿ ಅನಿಸುತ್ತದೆ. ಈ ದಾರಿಗೆ ಬರುವವರು ಮೊದಲ ತಿಂಗಳಲ್ಲೇ ಒಂದು ಕ್ಯಾಲಿಬ್ರೇಷನ್ ಕೆಲಸ, ಒಂದು ವಿಶ್ಲೇಷಣೆ ಎರಡನ್ನೂ ಕೇಳಿ ಪಡೆಯಿರಿ. ಬರೀ ಒಂದರಲ್ಲಿ ಮುಳುಗಿದರೆ ಮುಂದಿನ ಅರ್ಜಿಗೆ ತೋರಿಸಲು ಕಷ್ಟ.

ನಮ್ಮ ರಾಜ್ಯದಲ್ಲೇ ಇದರ ಮಾದರಿ ಇದೆ. ಕೋಲಾರದ ಚಿನ್ನದ ಗಣಿಯಲ್ಲಿ ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಟಿಐಎಫ್‌ಆರ್‌ನವರು ಮೊದಲು ಎಣಿಸಿದ್ದು ಮ್ಯೂಆನನ್ನೇ, ಒಂದೊಂದು ಆಳಕ್ಕೂ ಇಳಿದು. ಸುಮಾರು 2.7 ಕಿ.ಮೀ. ಆಳದಲ್ಲಿ ಎರಡು ತಿಂಗಳು ಕಾದರೂ ಒಂದೂ ಬರಲಿಲ್ಲ. ಆ ಸೊನ್ನೆಯೇ ದಾರಿ ತೋರಿಸಿತು: ಅಷ್ಟು ಆಳದಲ್ಲಿ ಪಕ್ಕದಿಂದ ಬರುವ ಮ್ಯೂಆನ್ ಕಂಡರೆ ಅದು ಬಂಡೆಯಲ್ಲಿ ನ್ಯೂಟ್ರಿನೋ ಬಡಿದು ಹುಟ್ಟಿದ್ದೇ ಆಗಿರಬೇಕು. 1965ರಲ್ಲಿ ಸುಮಾರು 2.3 ಕಿ.ಮೀ. ಆಳದಲ್ಲಿ, ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್ಹಮ್ ವಿಜ್ಞಾನಿಗಳ ಜೊತೆ ಅದನ್ನು ಕಂಡರು. ಬಳಸಿದ್ದು ಪ್ಲಾಸ್ಟಿಕ್ ಸಿಂಟಿಲೇಟರ್ ಮತ್ತು ನಿಯಾನ್ ಕೊಳವೆ. ಅದೇ ವರ್ಷ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯಲ್ಲಿ ಅಮೆರಿಕದ ಭೌತವಿಜ್ಞಾನಿ ಫ್ರೆಡರಿಕ್ ರೈನ್ಸ್ ಅವರ ತಂಡವೂ ಕಂಡಿತು.

ಕರೆಂಟಿನ ವಿಷಯ ಬೇಗ ಹೇಳಿಬಿಡುತ್ತೇನೆ. ಮರ ಬಿದ್ದು ಎರಡು ದಿನ ಕರೆಂಟ್ ಇಲ್ಲದಿರುವುದು ಇಲ್ಲಿ ಜುಲೈಯಲ್ಲಿ ಹೊಸತಲ್ಲ. ಇನ್ವರ್ಟರಿನ ಎಸಿ ಕಡೆಯಿಂದ ತೆಗೆದುಕೊಂಡರೆ ಪ್ರತಿ ಸಲ ಬದಲಾದಾಗ ಸುಳ್ಳು ಎಣಿಕೆಯ ಗುಂಪೊಂದು ಬರುತ್ತದೆ. ಬ್ಯಾಟರಿಯ 12 ವೋಲ್ಟಿನಿಂದಲೇ ಫ್ಯೂಸ್ ಹಾಕಿ ನೇರ ಎಳೆದೆವು. ಒಟ್ಟು ಹತ್ತು ವಾಟ್, ದಿನಕ್ಕೆ 20 ಆಂಪಿಯರ್ ಅವರ್. 150ರ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸದೆ ಮೂರು ದಿನ ನಡೆಸಬಹುದು. ಸಮಯಕ್ಕೆ ಜಿಪಿಎಸ್ ಆಂಟೆನಾವನ್ನು ಹಂಚಿನ ಕೆಳಗೇ ಇಟ್ಟೆವು, ಸಿಗ್ನಲ್ ಸಿಕ್ಕಿತು. ಜಿಂಕ್ ಶೀಟಿನ ಮಾಡಾದರೆ ಹೊರಗೇ ಇಡಬೇಕು. ಮೊಬೈಲ್ ನೆಟ್‌ವರ್ಕಿನ ಗಡಿಯಾರ ನಂಬಿ ಕೂರಬೇಡಿ.

ಕೊನೆಯ ಕೆಲಸ ಗಾಳಿಯ ಒತ್ತಡ. ಒತ್ತಡ ಏರಿದರೆ ತಲೆಯ ಮೇಲೆ ಗಾಳಿಯ ತೂಕ ಹೆಚ್ಚು, ಮ್ಯೂಆನ್ ಕಡಿಮೆ. ಒಂದು ಹೆಕ್ಟೊಪಾಸ್ಕಲಿಗೆ ಶೇ. 0.1ರಿಂದ 0.2. ನಮ್ಮ ಕಡೆ ಒತ್ತಡ ದಿನಕ್ಕೆ ಎರಡು ಸಲ, ಬೆಳಿಗ್ಗೆ ಹತ್ತಕ್ಕೂ ರಾತ್ರಿ ಹತ್ತಕ್ಕೂ ಹತ್ತಿರ, ಏರುತ್ತದೆ, ವ್ಯತ್ಯಾಸ ಸುಮಾರು ಮೂರು ಹೆಕ್ಟೊಪಾಸ್ಕಲ್. ಎಂದರೆ ಹುಡುಕಬೇಕಾದ ಏರಿಳಿತ ಶೇ. 0.3ರಿಂದ 0.6. ಶೇ. 0.5ರ ನಿಖರತೆಗೇ 40,000 ಎಣಿಕೆ ಬೇಕು, ನಮಗದು ಏಳೆಂಟು ಗಂಟೆಯ ದುಡಿಮೆ, ಅಷ್ಟರಲ್ಲಿ ಒತ್ತಡ ಏರಿ ಇಳಿದಾಗಿರುತ್ತದೆ. ಒಂದು ದಿನದ ಗ್ರಾಫಿನಲ್ಲಿ ಕಂಡಿತು ಎಂದವರು ತಮ್ಮ ಆಸೆಯನ್ನು ಕಂಡಿದ್ದಾರೆ. ಮೂವತ್ತು ದಿನಗಳನ್ನು ಗಂಟೆವಾರು ಒಂದರ ಮೇಲೊಂದು ಕೂಡಿಸಬೇಕು, ಆ ಮೂವತ್ತು ದಿನವೂ ದಕ್ಷತೆ ಅಷ್ಟೇ ಇತ್ತು ಎಂದು ನಡುವಿನ ಫಲಕದಿಂದ ತೋರಿಸಬೇಕು. ಫಲಕಗಳನ್ನು ಹುಡುಗರ ಕೈಗೆ ಒಪ್ಪಿಸಿದಾಗ ಹನ್ನೊಂದು ದಿನ ಆಗಿತ್ತು. ಲಾಗ್ ಪುಸ್ತಕದ ಅವತ್ತಿನ ಸಾಲು ಅವರ ಕೈಬರಹದ್ದೇ: “ಮೂರನೇ ಪೆಟ್ಟಿಗೆ, ಒಳಗೆ 24.8 ಡಿಗ್ರಿ, ತೇವ ಶೇ. 68, ಬಯಾಸ್ ಕರೆಂಟ್ ಸರಿ ಇದೆ. ಸಿಲಿಕಾ ಜೆಲ್ ಬದಲಿಸಿದೆವು. ಬದಲಿಸುವಾಗ ಮುಚ್ಚಳ ತೆಗೆದದ್ದರಿಂದ ಇಂದಿನ ರಾತ್ರಿಯ ಎಣಿಕೆ ಲೆಕ್ಕಕ್ಕೆ ಬೇಡ.”